ಸಣ್ಣಾಕಿಯ ಪಿಸ್ತೂಲು

ಕಳೆದ ಬೇಸಿಗೆಯ ಒಂದು ಬೆಳಗ್ಗೆ ಕೆಳಗಿನ ಅಡುಗೆಮನೆಯಿಂದ ಅಪ್ಪನ ನಗು ಕೇಳಿ ನನಗೆ ಎಚ್ಚರವಾಯಿತು. ಜೂನ್ ತಿಂಗಳಲ್ಲಿ ಲಂಡನ್ನಿಗೆ ಬೇಗ ಬೆಳಗಾಗುತ್ತದೆ. ಐದಕ್ಕೆಲ್ಲ ಪರದೆಯ ಅಂಚಿನಲ್ಲಿ ಬೆಳಕು ಮೂಡಿರುತ್ತದೆ. ಧಾರವಾಡದಿಂದ ಬಂದು ಕೆಲವು ತಿಂಗಳು ನಮ್ಮ ಜೊತೆಗಿದ್ದ ಅಪ್ಪ ಆ ಹೊತ್ತಿಗೇ ಎದ್ದು ಚಹಾ ಮಾಡಿಕೊಳ್ಳುವುದು ನನಗೆ ಗೊತ್ತಿತ್ತು. ಆದರೆ ಅಷ್ಟು ಬಾಯಿತುಂಬ ಯಾರ ಜೊತೆ ನಗುತ್ತಿದ್ದಾರೆ?

ಮೆಟ್ಟಿಲಿಳಿದು ಬಾಗಿಲಲ್ಲಿ ನಿಂತೆ. ಅಪ್ಪ ಟೀವಿಯ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು, ತೋಳು ಮುಂದೆ ಚಾಚಿ, ಫ್ರಿಜ್ಜಿಗೆ ಗುರಿಯಿಟ್ಟು ನಿಂತಿದ್ದರು. ಸಕ್ಕರೆ ಡಬ್ಬಿಗೆ ಆನಿಸಿಟ್ಟ ಟ್ಯಾಬ್ಲೆಟ್ಟಿನಲ್ಲಿ, ಅಮೆರಿಕದ ಟೆಕ್ಸಾಸಿನಲ್ಲಿರುವ ನನ್ನ ತಂಗಿ ಕಾಣುತ್ತಿದ್ದಳು.

"ಉಸಿರು ಅರ್ಧ ಬಿಡು. ಅಲ್ಲೇ ಹಿಡಿ. ಟ್ರಿಗರ್ ಜಗ್ಗಬ್ಯಾಡ, ಒತ್ತು. ನಿಂಬಿಹಣ್ಣು ಹಿಂಡಿದಂಗ, ಸಾವಕಾಶ," ಎಂದರು ಅಪ್ಪ.

ಆ ಮಾತು ನನ್ನದು. ಹೇಳಿದವರು ಅಪ್ಪನೇ, ಆದರೆ ಅವರು ಅದನ್ನು ಹೇಳಿದ್ದು ನನಗೆ. ಧಾರವಾಡದಲ್ಲಿ ಅವರು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ಜೊತೆಗೆ ಎನ್‌ಸಿಸಿ ಅಧಿಕಾರಿಯಾಗಿದ್ದರು. ನಾನು ಕಾಲೇಜು ಸೇರಿದ ವರ್ಷ ನನ್ನನ್ನು ಗುಡ್ಡದ ಹಿಂದಿನ ಗುಂಡು ಹಾರಿಸುವ ಬಯಲಿಗೆ ಕರೆದೊಯ್ದು, ನೆಲಕ್ಕೆ ಗೋಣಿ ಹಾಸಿ ಮಲಗಿಸಿ, ಪಾಯಿಂಟ್ ಟು ಟು ರೈಫಲ್ ಕೈಗೆ ಕೊಟ್ಟಿದ್ದರು. ಪಕ್ಕದಲ್ಲಿ ಮೊಣಕಾಲೂರಿ ಕುಳಿತು, ನಿಂಬೆಹಣ್ಣಿನ ಈ ಮಾತನ್ನು ಕಿವಿಯಲ್ಲಿ ಹೇಳಿದ್ದರು. ನಾನು ರಾಜ್ಯ ತಂಡದ ಆಯ್ಕೆಯ ತನಕ ಹೋದೆ. ತಂಗಿ ಆಗ ಹೈಸ್ಕೂಲು. ಜೀಪಿನಲ್ಲಿ ಕುಳಿತು ಕಿವಿ ಮುಚ್ಚಿಕೊಂಡು ಶೇಂಗಾ ತಿನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಸೀರೆ, ಸಿನಿಮಾ, ಹಾಡು ಎಲ್ಲ ಅವಳಿಗೂ ಅವ್ವನಿಗೂ ಸೇರಿದ್ದು. ಬಂದೂಕು ನನಗೂ ಅಪ್ಪನಿಗೂ ಸೇರಿದ್ದು. ಹಾಗಂತ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

"ಏಳಿಸಿಬಿಟ್ನೇನು?" ಎಂದು ಅಪ್ಪ ರಿಮೋಟ್ ಇಳಿಸಿದರು. "ಸಣ್ಣಾಕಿ ಪಿಸ್ತೂಲು ತಗೋತಾಳಂತ. ಯಾವ ಕ್ಯಾಲಿಬರ್ ಛಲೋ ಅಂತ ಕೇಳಾಕತ್ತಾಳ."

ನಾವಿಬ್ಬರೂ ಐವತ್ತರ ಆಚೀಚೆ ಇದ್ದೇವೆ. ಆದರೂ ಅಪ್ಪನಿಗೆ ನಾನು ದೊಡ್ಡಾಕಿ, ಅವಳು ಸಣ್ಣಾಕಿ.

"ಅಕ್ಕಾ, ನಿನಗ ಹೊಟ್ಟಿಕಿಚ್ಚಾಗ್ತದ ಬಿಡು," ತಂಗಿ ತೆರೆಯೊಳಗಿಂದ ನಕ್ಕಳು. "ನಿಮ್ಮ ದೇಶದಾಗ ಇದನ್ನ ಮುಟ್ಟಾಕೂ ಕೊಡಂಗಿಲ್ಲಲ್ಲ?"

ತಮಾಷೆಗೆಂದಳು. ಆದರೆ ನಿಜವನ್ನೇ ಅಂದಿದ್ದಳು. ನಾನು ಹ್ಯಾರೋ ಕಡೆಯ ಒಂದು ಶೂಟಿಂಗ್ ಕ್ಲಬ್ಬಿಗೆ ವರ್ಷಗಳಿಂದ ಹೋಗುತ್ತೇನೆ. ಕ್ರಿಕೆಟ್ ಮೈದಾನದ ಹಿಂದೆ ತಗ್ಗು ಮಾಡಿನ ಇಟ್ಟಿಗೆಯ ಶೆಡ್ ಅದು. ಪೊಲೀಸರ ಪರವಾನಗಿ ಪಡೆದು ಅಲ್ಲಿ ರೈಫಲ್ ಹೊಡೆಯುತ್ತೇನೆ. ಪಿಸ್ತೂಲು ಮಾತ್ರ ಈ ದೇಶದಲ್ಲಿ ಜನಸಾಮಾನ್ಯರಿಗೆ ಸಿಗುವುದಿಲ್ಲ, ಬಹಳ ಹಿಂದೆಯೇ ನಿಷೇಧವಾಗಿದೆ. ಮನೆ ಕಾಯಲು ಬಂದೂಕು ಬೇಕು ಎಂದು ಅರ್ಜಿಯಲ್ಲಿ ಬರೆದರೆ ಆ ಅರ್ಜಿ ಅಲ್ಲಿಗೇ ಮುಗಿಯಿತು. ನನ್ನ ಪಾಲಿಗೆ ಉಳಿದ ಪಿಸ್ತೂಲೆಂದರೆ ಗಾಳಿಯದು. ಸನ್ನೆಕೋಲು ಒತ್ತಿ ಗಾಳಿ ತುಂಬಿ, ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದಾದ ಸೀಸದ ಗುಂಡನ್ನು ಹತ್ತು ಮೀಟರ್ ದೂರದ ಕಾಗದಕ್ಕೆ ಹೊಡೆಯುವುದು. ಟಪ್ ಎಂಬ ಸದ್ದು ಬರುತ್ತದೆ, ಅಷ್ಟೇ. ಅದರಲ್ಲಿ ನಾನು ಒಳ್ಳೆಯವಳು. ಆದರೆ ಅಪ್ಪನನ್ನು ಒಮ್ಮೆ ಕರೆದುಕೊಂಡು ಹೋದಾಗ ಅವರು ಅದನ್ನು ಕೈಯಲ್ಲಿ ತೂಗಿ ನೋಡಿ, "ಗಾಳಿ ಪಿಸ್ತೂಲೇನು?" ಎಂದಿದ್ದರು. ಆ 'ಏನು' ಬಹಳ ದಿನ ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಆ ಬೆಳಗಿನಿಂದ ಮನೆಯಲ್ಲಿ ಬೇರೆ ಮಾತಿಲ್ಲವಾಯಿತು. ಕ್ಯಾಲಿಬರ್ ಎಂದರೆ ನಳಿಗೆಯ ಒಳಗಿನ ಅಗಲ, ಹೆಚ್ಚುಕಡಿಮೆ ಗುಂಡಿನ ದಪ್ಪ. ಆ ದಪ್ಪದ ಮೇಲೆ ಇಡೀ ಜಗತ್ತು ನಿಂತಂತೆ ಅಪ್ಪನೂ ತಂಗಿಯೂ ದಿನಾ ಬೆಳಗ್ಗೆ ಚರ್ಚೆ ಮಾಡುತ್ತಿದ್ದರು. ತಂಗಿಗೆ ಎರಡು ಕೆಲಸಕ್ಕೆ ಒಂದೇ ಪಿಸ್ತೂಲು ಬೇಕಿತ್ತಂತೆ. ಶನಿವಾರ ರೇಂಜಿಗೆ ಹೋಗಿ ಗುರಿ ಹೊಡೆಯುವುದಕ್ಕೂ ಅದೇ, ಮನೆಯಲ್ಲಿ ಧೈರ್ಯಕ್ಕೂ ಅದೇ. ಅವಳ ಬೀದಿಯಲ್ಲಿ ಯಾರದೋ ಮನೆಯ ಹಿಂಬಾಗಿಲು ಒಡೆದಿದ್ದರಂತೆ.

ಅಪ್ಪ ನನಗೂ ಒಮ್ಮೊಮ್ಮೆ ವರದಿ ಒಪ್ಪಿಸುತ್ತಿದ್ದರು. "ಟು ಟು ಆದ್ರ ಕೈಗೆ ಹಗುರ, ಕಲಿಯಾಕ ಛಲೋ. ಆದ್ರ ಮನಿ ಕಾಯಾಕ ಸಣ್ಣದಾತು ಅಂತಾಳ. ನಾ ನೈನ್ ಎಂಎಂ ಅಂದೀನಿ. ಹಿಂದ ಒದಿಯೂದು ಹದಾ ಇರ್ತದ, ಎರಡಕ್ಕೂ ಆಗ್ತದ."

"ಒಂದೇ ಪಿಸ್ತೂಲಿನಾಗ ಎರಡೂ ಕೆಲಸ ಮಾಡಬೇಕಂದ್ರ ಎರಡೂ ಅರ್ಧಮರ್ಧ ಆಗ್ತಾವ ಅಪ್ಪಾ. ಮೊದಲು ಟು ಟು ತಗೊಂಡು ಕೈ ಕೂಡಿಸಿಕೋಬೇಕು. ಉಳಿದದ್ದು ಆಮ್ಯಾಲ," ಎಂದೆ.

"ಹೌದು, ಹೌದು," ಎಂದರು. ಮರುದಿನ ಅವಳಿಗೆ ಮತ್ತೆ ನೈನ್ ಎಂಎಂ ಎಂದೇ ಹೇಳುತ್ತಿದ್ದರು. ನಾನು ಹಾಸಿಗೆಯಲ್ಲಿ ಮಲಗಿಯೇ ಕೇಳಿಸಿಕೊಂಡೆ. ಅವರ ದನಿ ಗೋಡೆಯ ಪೈಪಿನ ಗುಂಟ ನನ್ನ ಕೋಣೆಗೆ ಏರಿ ಬರುತ್ತಿತ್ತು. ಅಲ್ಲೊಂದು ಪದ, ಇಲ್ಲೊಂದು ನಗು. ಪೂರ್ತಿ ಕೇಳಿಸಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ನನ್ನ ಗಂಡ ಮೈಸೂರಿನವರು, ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಅರಿವಳಿಕೆ ಡಾಕ್ಟರು. ಮನುಷ್ಯರನ್ನು ಸುಮ್ಮನೆ ಮಲಗಿಸುವುದು ಅವರ ಉದ್ಯೋಗ. ನನ್ನ ಮೇಲೂ ಅದನ್ನೇ ಪ್ರಯೋಗಿಸಿದರು.

"ಮಾತಾಡ್ಕೊಳ್ಳಿ ಬಿಡೇ. ವಯಸ್ಸಾದವ್ರಿಗೆ ಒಂದು ಉತ್ಸಾಹ ಬಂದಿದೆ. ನಿಂಗ್ಯಾಕೆ ಹೊಟ್ಟೆಯುರಿ?"

"ಹೊಟ್ಟೆಯುರಿ ಅಲ್ಲ. ನಾನು ಎಂಟು ಗಂಟೆಗೆ ಡ್ಯೂಟಿಗೆ ಹೋಗಬೇಕು, ನಿದ್ದೆ ಹಾಳಾಗ್ತದೆ," ಎಂದೆ. ಅವರ ಜೊತೆ ಮಾತಾಡುವಾಗ ನನ್ನ ಭಾಷೆಯೂ ತಾನಾಗಿ ಮೈಸೂರಿನ ಕಡೆ ವಾಲುತ್ತದೆ.

ಹೊಟ್ಟೆಯುರಿಯೇ ಆಗಿತ್ತು. ನಾನು ಸ್ಕ್ಯಾನ್ ಓದುವ ಡಾಕ್ಟರು. ಕತ್ತಲ ಕೋಣೆಯಲ್ಲಿ ಕೂತು ಪರರ ಶ್ವಾಸಕೋಶ, ಮೂಳೆ ನೋಡುವುದು ನನ್ನ ಕೆಲಸ. ಆ ವಾರಗಳಲ್ಲಿ ಒಂದೊಂದು ಚಿತ್ರದ ನಡುವೆ ತಂಗಿಯ ಪಿಸ್ತೂಲು ನೆನಪಾಗುತ್ತಿತ್ತು. ಅವಳ ಕೈಯಲ್ಲಿ ನೈನ್ ಎಂಎಂ. ಅದು ಸಿಡಿದಾಗ ಮಣಿಕಟ್ಟಿಗೆ ಹೇಗೆ ಒದೆಯುತ್ತದೆ, ನನಗೆ ಗೊತ್ತಿಲ್ಲ. ಪುಸ್ತಕದಲ್ಲಿ ಓದಿ ಬಲ್ಲೆ, ಗುಂಡಿನ ತೂಕ ಬಲ್ಲೆ, ವೇಗ ಬಲ್ಲೆ. ಅವಳಿಗೆ ಏನೂ ಗೊತ್ತಿಲ್ಲ, ಆದರೆ ಅಂಗಡಿಗೆ ಹೋಗಿ ಕೊಂಡು ತಂದು ಕಪಾಟಿನಲ್ಲಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿಗೆ, ಅಪ್ಪ ಫ್ರಿಜ್ಜಿಗೆ ಗುರಿಯಿಟ್ಟು ನಿಂತ ಭಂಗಿ. ನನಗೆ ಕಲಿಸುವಾಗ ಅವರಿಗೆ ನಲವತ್ತೈದು ಇದ್ದಿರಬೇಕು. ಅಂದು ಬೆಳಗ್ಗೆ ನಾನು ಬಾಗಿಲಲ್ಲಿ ಕಂಡ ಬೆನ್ನು ಆ ವಯಸ್ಸಿನದೇ ಆಗಿತ್ತು. ನನ್ನ ಮನೆಯಲ್ಲಿ, ನನ್ನ ಚಹಾ ಕುಡಿದು, ಅವಳಿಗಾಗಿ ಅವರು ಎಳೆಯರಾಗಿದ್ದರು.

ಜುಲೈಯಲ್ಲಿ ತಂಗಿಯೇ ಬಂದಿಳಿದಳು. ಅಪ್ಪ ಧಾರವಾಡಕ್ಕೆ ಮರಳುವ ಮೊದಲು ನೋಡಿ ಹೋಗುತ್ತೇನೆ ಎಂದು ರಜೆ ಹಾಕಿದ್ದಳು. ಹೀಥ್ರೂವಿನಲ್ಲಿ ಅವಳನ್ನು ಕಂಡಾಗ ಬಹಳ ಸೊರಗಿದ್ದಾಳೆ ಅನ್ನಿಸಿತು. ಸೊರಗಿ ಇನ್ನೂ ಚಂದ ಕಾಣುತ್ತಿದ್ದಾಳೆ ಎಂದೂ ಅನ್ನಿಸಿತು. "ಭಾವ ಬರ್ಲಿಲ್ವಾ?" ಎಂದು ನನ್ನ ಗಂಡ ಕೇಳಿದರು. ಅವಳ ಗಂಡನನ್ನು ಇವರು ತಮಾಷೆಗೆ ಭಾವ ಎನ್ನುವುದು, ವಯಸ್ಸಿನಲ್ಲಿ ಇವರಿಗಿಂತ ಅವನು ದೊಡ್ಡವನು. "ಕೆಲಸ ಭಾಳ ಐತಿ, ಬ್ಯಾರೆ ಊರಾಗ ಇದ್ದಾರ," ಎಂದು ಸೂಟ್‌ಕೇಸ್ ಎಳೆದುಕೊಂಡು ಮುಂದೆ ನಡೆದಳು.

ಅಪ್ಪನಿಗೆ ಅವಳು ತಂದ ಉಡುಗೊರೆ ಒಂದು ಕ್ಯಾಪು. ಅವಳ ಊರಿನ ಶೂಟಿಂಗ್ ರೇಂಜಿನದು, ಮುಂದೆ ವೃತ್ತದೊಳಗೆ ವೃತ್ತದ ಗುರಿಯ ಚಿತ್ರ. ಅಪ್ಪ ಅದನ್ನು ಮನೆಯೊಳಗೂ ತೆಗೆಯಲಿಲ್ಲ. ನಾನು ಹಿಂದಿನ ವರ್ಷ ಕೊಡಿಸಿದ ಉಣ್ಣೆಯ ಕೋಟು ಇನ್ನೂ ಕವರಿನಲ್ಲೇ ಇತ್ತು.

ರೇನರ್ಸ್ ಲೇನಿನ ಅಂಗಡಿಯಿಂದ ಜೋಳದ ಹಿಟ್ಟು, ಎಳೆ ಬದನೆಕಾಯಿ ತಂದು ನಾನು ರೊಟ್ಟಿ ಬಡಿಯಲು ನಿಂತೆ. ಅವರಿಬ್ಬರೂ ಊಟದ ಮೇಜಿಗೆ ಕೂತು ಹರಟುತ್ತಿದ್ದರು.

"ಸಣ್ಣಾಕಿಗೆ ಬಿಸಿದು ಹಾಕವ್ವಾ, ಭಾಳ ದಿನ ಆಗೇತಿ ಆಕಿ ರೊಟ್ಟಿ ತಿಂದು," ಎಂದರು ಅಪ್ಪ.

ಹಾಕಿದೆ. ಎರಡನೆಯದನ್ನೂ ಅವಳಿಗೇ ಹಾಕಿದೆ. ಮೂರನೆಯದು ಸೀದುಹೋಯಿತು, ಅದನ್ನು ನಾನು ತಿಂದೆ. ಹೆಂಚಿನ ಮುಂದೆ ನಿಂತೇ ಒಂದು ನಿರ್ಧಾರಕ್ಕೆ ಬಂದಿದ್ದೆ. ಭಾನುವಾರ ಇಬ್ಬರನ್ನೂ ಕ್ಲಬ್ಬಿಗೆ ಕರೆದುಕೊಂಡು ಹೋಗಬೇಕು. ಅಪ್ಪನ ಎದುರಿಗೇ ಅವಳು ನನ್ನ ಪಕ್ಕ ನಿಂತು ಹೊಡೆಯಬೇಕು.

ಭಾನುವಾರ ಬೆಳಗ್ಗೆ ಶೆಡ್ಡಿನಲ್ಲಿ ಜನ ಕಡಿಮೆ ಇದ್ದರು. ಕಾರ್ಯದರ್ಶಿ ತಂಗಿಗೆ ಅತಿಥಿಯ ಪುಸ್ತಕದಲ್ಲಿ ಸಹಿ ಹಾಕಿಸಿ, ಸುರಕ್ಷತೆಯ ನಿಯಮ ಹೇಳಿ, ಉಳಿದದ್ದನ್ನು ನನಗೆ ಬಿಟ್ಟರು. ಅಪ್ಪ ಹಿಂದಿನ ಬೆಂಚಿನಲ್ಲಿ ಕ್ಯಾಪು ಹಾಕಿಕೊಂಡು ಕುಳಿತರು. ಮೊದಲು ನಾನು ಹೊಡೆದೆ. ಐದು ಗುಂಡು, ಐದೂ ಕಪ್ಪು ವೃತ್ತದ ನಡುವೆ ಒಂದನ್ನೊಂದು ಕಚ್ಚಿಕೊಂಡು ಕೂತವು. ಆ ತಿಂಗಳಲ್ಲಿ ನನ್ನಿಂದ ಅಷ್ಟು ಚೆನ್ನಾಗಿ ಆಗಿದ್ದೇ ಇಲ್ಲ. ತಿರುಗಿ ನೋಡಿದೆ. ಅಪ್ಪ ತಂಗಿಗೆ ಕನ್ನಡಕ ಸರಿಮಾಡಿಕೊಳ್ಳಲು ಹೇಳುತ್ತಿದ್ದರು.

ನಂತರ ಅವಳು ನಿಂತಳು. ನಿಲ್ಲುವುದೇನೋ ಚೆನ್ನಾಗಿಯೇ ನಿಂತಳು. ಅಷ್ಟು ಬೆಳಗುಗಳ ಪಾಠ. ಆದರೆ ಗುಂಡುಗಳು ಕಾಗದದ ಕೆಳಗಿನ ಎಡಮೂಲೆಗೆ ಹೋದವು. ಒಂದು ಕಾಗದವನ್ನೇ ಬಿಟ್ಟು ಹೋಯಿತು.

"ಪಿಸ್ತೂಲು ನಂದಲ್ಲ, ಅದಕ್ಕ," ಎಂದಳು.

ಯಾಕೆಂದು ನನಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗಿದ್ದನ್ನು ಅಪ್ಪನಿಗೂ ತೋರಿಸಬೇಕಿತ್ತು. ಗುಂಡು ಸಿಡಿಯುವ ಮೊದಲೇ ಕೈ ಹೆದರುತ್ತದೆಯೇ ಎಂದು ತಿಳಿಯಲು ಕಲಿಸುವವರು ಮಾಡುವ ಒಂದು ಪರೀಕ್ಷೆ ಇದೆ. ಪಿಸ್ತೂಲನ್ನು ನಾನೇ ಬೆನ್ನು ತಿರುಗಿಸಿ ತುಂಬಿ ಕೊಡತೊಡಗಿದೆ. ಒಮ್ಮೆ ತುಂಬಿ ಕೊಟ್ಟೆ, ಇನ್ನೊಮ್ಮೆ ಕೊಟ್ಟೆ, ಆಮೇಲೆ ಗಾಳಿಯನ್ನೂ ಗುಂಡನ್ನೂ ಹಾಕದೆ ಖಾಲಿಯಾಗಿ ಕೊಟ್ಟೆ. ಅವಳು ಗುರಿ ಹಿಡಿದು ಟ್ರಿಗರ್ ಒತ್ತಿದಳು. ಕಿಟಕ್ ಎಂದಿತು, ಅಷ್ಟೇ. ಏನೂ ಸಿಡಿಯಲಿಲ್ಲ, ಏನೂ ಒದೆಯಲಿಲ್ಲ. ಆದರೂ ಪಿಸ್ತೂಲಿನ ಮೂತಿ ನೆಲದ ಕಡೆಗೆ ಧಡಕ್ಕನೆ ಬಾಗಿತು, ಅವಳ ಭುಜಗಳು ಕಿವಿಯ ತನಕ ಏರಿದವು, ಕಣ್ಣು ಗಟ್ಟಿಯಾಗಿ ಮುಚ್ಚಿದವು.

ಒಂದು ಕ್ಷಣ ನನಗೆ ಬಹಳ ಸುಖವಾಯಿತು, ಅದನ್ನು ಇಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನೋಡಿ ಅಪ್ಪಾ, ನಿಮ್ಮ ಶಿಷ್ಯೆ, ಎನ್ನುವಂತೆ ತಿರುಗಿದೆ.

ಅಪ್ಪ ಎದ್ದು ನಿಂತಿದ್ದರು. ಕ್ಯಾಪು ತೆಗೆದು ಕೈಯಲ್ಲಿ ಹಿಡಿದಿದ್ದರು.

"ಗಾಳಿ ಪಿಸ್ತೂಲಿಗೆ ಯಾರೂ ಹಿಂಗ ಹೆದರಂಗಿಲ್ಲ," ಎಂದರು ಮೆಲ್ಲಗೆ. "ಯಾವುದೋ ದೊಡ್ಡದು ನಿನ್ನ ಕೈಗೆ ಒದ್ದೈತಿ. ಯಾವಾಗ ತಗೊಂಡಿ?"

ತಂಗಿ ಪಿಸ್ತೂಲನ್ನು ಮೇಜಿನ ಮೇಲಿಟ್ಟಳು. "ಏಪ್ರಿಲ್‌ನಾಗ."

"ಅಂದ್ರ ನನ್ನ ಕೇಳೂದಕ್ಕಿಂತ ಮೊದಲ. ಯಾವುದು?"

"ಫೋರ್ಟಿ ಫೈವ್."

ಅಪ್ಪ ಬಾಯಲ್ಲಿ ಚ್ ಎಂದರು. ಅದು ದಪ್ಪ ಗುಂಡಿನ, ಭಾರದ ಪಿಸ್ತೂಲು. ಅಭ್ಯಾಸವಿಲ್ಲದ ಸಣ್ಣ ಕೈಗೆ ಕೊಡುವಂಥದ್ದಲ್ಲ. ಅಂಗಡಿಯವನು "ದೊಡ್ಡದಿದ್ದರೆ ಒಂದೇ ಸಾಕು" ಎಂದನಂತೆ, ಅವಳು ತಂದಳಂತೆ. ರೇಂಜಿನಲ್ಲಿ ಮೊದಲ ಗುಂಡಿಗೇ ಮಣಿಕಟ್ಟು ಉಳುಕಿ, ಸಿಡಿದ ಸದ್ದಿಗೆ ಮೈ ನಡುಗಿ, ಮತ್ತೆ ಅದನ್ನು ಮುಟ್ಟಿರಲಿಲ್ಲವಂತೆ.

"ಹಂಗಿದ್ರ ಇಷ್ಟು ದಿನ ಅಪ್ಪನ ಕಡೆ ಏನು ಕೇಳಾಕತ್ತಿದ್ದಿ?" ಎಂದೆ. ನನ್ನ ದನಿ ಗಟ್ಟಿಯಾಗಿತ್ತು. ಪಕ್ಕದ ಸಾಲಿನವರು ಒಮ್ಮೆ ನೋಡಿದರು.

"ನಾ ಚಹಾ ತರ್ತೀನಿ. ನೀವಿಬ್ಬರೂ ಹೊರಗ ಕುಂದರ್ರಿ," ಎಂದು ಅಪ್ಪ ಒಳಕೋಣೆಯ ಕಡೆ ಹೋದರು.

ಮೈದಾನದ ಅಂಚಿನ ಬೆಂಚಿನಲ್ಲಿ ಕುಳಿತೆವು. ಯಾರೋ ಪಿಚ್ಚಿಗೆ ರೋಲರ್ ಎಳೆಯುತ್ತಿದ್ದರು. ತಂಗಿ ನನ್ನ ಮುಖ ನೋಡದೆ ಹೇಳಿದಳು. ಗಂಡ ಬೇರೆ ಊರಿಗೆ ಕೆಲಸಕ್ಕೆ ಹೋದದ್ದಲ್ಲ, ಬಿಟ್ಟು ಹೋದದ್ದು. ಒಂದು ವರ್ಷವಾಗಿತ್ತು. ದೊಡ್ಡ ಮನೆ, ಹಿಂದೆ ಬಯಲು, ಅವಳೊಬ್ಬಳೇ. ಹಿಂಬಾಗಿಲು ಒಡೆದದ್ದು ಬೀದಿಯ ಯಾರದೋ ಮನೆಯದಲ್ಲ, ಅವಳದೇ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಬಂದು ಹೋಗಿದ್ದರು. ಅಂದಿನಿಂದ ಮಲಗುವ ಹೊತ್ತು ಬಂತೆಂದರೆ ಅವಳಿಗೆ ಎದೆ ಹೊಡೆದುಕೊಳ್ಳುತ್ತಿತ್ತು.

"ಅಲ್ಲಿ ನಾ ಮಲಗೂ ಹೊತ್ತಿಗೆ ಇಲ್ಲಿ ಅಪ್ಪ ಏಳ್ತಾರ," ಎಂದಳು. "ಫೋನ್ ಹಚ್ಚಿ ಏನರ ಮಾತಾಡಬೇಕಲ್ಲ? ಸುಮ್ಮ ಹೆದರಿಕಿ ಆಗ್ತದ ಅಂತ ದಿನಾ ಹ್ಯಾಂಗ ಹೇಳೂದು? ಪಿಸ್ತೂಲಿನ ಸುದ್ದಿ ತಗದ್ರ ಅಪ್ಪ ತಾಸುಗಟ್ಟಲೆ ಹೇಳ್ತಾರ. ಅವರ ದನಿ ಕೇಳ್ಕೋತ ನನಗ ನಿದ್ದಿ ಹತ್ತತಿತ್ತು."

"ಅವರಿಗೆ ಗೊತ್ತಿತ್ತೇನು? ಗಂಡ ಬಿಟ್ಟಿದ್ದು?"

"ಮೊದಲಿಂದ ಗೊತ್ತು."

ಅವಳನ್ನು ಅಪ್ಪಿಕೊಳ್ಳಬೇಕಿತ್ತು. ಅಪ್ಪಿಕೊಂಡೆ ಕೂಡ. ಅವಳ ಭುಜದ ಮೂಳೆ ಕೈಗೆ ಸಿಕ್ಕಿತು. ಆದರೆ ಅಪ್ಪಿಕೊಂಡ ಆ ಹೊತ್ತಿನಲ್ಲೂ ನನ್ನೊಳಗೆ ಎದ್ದ ಮೊದಲ ಮಾತು, ಅಪ್ಪನಿಗೆ ಹೇಳಿದ್ದಾಳೆ, ನನಗೆ ಹೇಳಿಲ್ಲ ಎಂಬುದು. ಒಂದು ವರ್ಷ ಇಬ್ಬರೂ ಸೇರಿ ಒಂದು ಗುಟ್ಟನ್ನು ಸಾಕಿದ್ದಾರೆ. ಈ ಬೇಸಿಗೆ ನನ್ನ ಮನೆಯಲ್ಲೇ, ನನ್ನ ಅಡುಗೆಮನೆಯಲ್ಲೇ.

"ನನಗ ಫೋನ್ ಮಾಡಿದ್ರ ಎತ್ತತಿರಲಿಲ್ಲೇನು?" ಎಂದೆ.

"ಎತ್ತತಿದ್ದಿ. ಎತ್ತಿ, ಯಾಕ ಬಿಟ್ಟ, ನೀ ಏನು ಮಾಡಿದಿ, ವಕೀಲನ್ನ ಕಂಡೇನು, ಬೀಗ ಬದಲ ಮಾಡ್ಸೀಯೇನು ಅಂತ ಕೇಳತಿದ್ದಿ. ನನಗ ಆವಾಗ ಪ್ರಶ್ನಿ ಬ್ಯಾಡಾಗಿದ್ವು ಅಕ್ಕಾ."

ಬೀಗ ಬದಲಾಯಿಸಿದ್ದಾಳೋ ಇಲ್ಲವೋ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಮತ್ತ, ನನಗೂ ಒಂದು ಕೊರಗು ಇತ್ತು," ಎಂದಳು ಅವಳು. "ಸಣ್ಣಾಕಿದ್ದಾಗ ನೀವಿಬ್ಬರೂ ಬಯಲಿನಾಗ ಮಲಗಿ ಹೊಡೀತಿದ್ರಿ. ನೀನೂ ಹೊಡೀತಿಯೇನು ಅಂತ ನನ್ನ ಯಾರೂ ಕೇಳಲೇ ಇಲ್ಲ. ಈಗ ಅಪ್ಪ ನನಗ ಹೇಳಿಕೊಡೂದು ಕೇಳಿ, ಗಂಡ ಬಿಟ್ಟದ್ದೂ ಮರತು ಖುಷಿ ಆಗತಿತ್ತು."

ಅಪ್ಪ ಮೂರು ಕಾಗದದ ಲೋಟ ಹಿಡಿದು ಹುಷಾರಾಗಿ ಹುಲ್ಲಿನ ಮೇಲೆ ನಡೆದು ಬಂದರು. ಮೊದಲ ಲೋಟ ಯಾರಿಗೆ ಕೊಡುತ್ತಾರೆ ಎಂದು ನಾನು ನೋಡಿದೆ. ಇಂಥ ಹೊತ್ತಲ್ಲೂ ನೋಡಿದೆ. ತಂಗಿಗೆ ಕೊಟ್ಟರು.

ಅವಳು ಇನ್ನೂ ಎರಡು ವಾರ ಇದ್ದಳು. ಮಾರನೆಯ ದಿನವೇ ಕಲಿಸಲು ಶುರುಮಾಡಿದೆ. ಯಾರೂ ಹೇಳಲಿಲ್ಲ, ನಾನೇ. ಸಂಜೆ ಆಸ್ಪತ್ರೆಯಿಂದ ಬಂದು ಅವಳನ್ನು ಕ್ಲಬ್ಬಿಗೆ ಕರೆದೊಯ್ಯುತ್ತಿದ್ದೆ. ಅಪ್ಪನನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದೆ. ಮೊದಲ ಮೂರು ಸಂಜೆ ಗುಂಡನ್ನೇ ಮುಟ್ಟಲು ಕೊಡಲಿಲ್ಲ. ಖಾಲಿ ಪಿಸ್ತೂಲು, ಖಾಲಿ ಗೋಡೆ. ಏನೂ ಸಿಡಿಯುವುದಿಲ್ಲ ಎಂದು ಕೈಗೆ ನಂಬಿಕೆ ಬರುವ ತನಕ ಬರೀ ಟ್ರಿಗರ್ ಒತ್ತುವುದು. ಆಮೇಲೆ ಗುಂಡು. ಹೆದರಿಕೆ ಒಮ್ಮೆಗೇ ಹೋಗಲಿಲ್ಲ, ಆದರೆ ಕಣ್ಣು ಮುಚ್ಚುವುದು ನಿಂತಿತು. ಒಂದು ಸಂಜೆ ಅವಳ ಐದು ಗುಂಡುಗಳೂ ಕಪ್ಪಿನೊಳಗೆ ಬಿದ್ದವು. ಕಾಗದ ತೆಗೆದು ಅವಳೇ ಬಹಳ ಹೊತ್ತು ನೋಡಿಕೊಂಡಳು. ನನಗೆ ಹೆಮ್ಮೆಯಾಯಿತು. ಅದರ ಬೆನ್ನಿಗೇ, ಇಷ್ಟು ಬೇಗ ಬರಬಾರದಿತ್ತು ಎಂದೂ ಅನ್ನಿಸಿತು. ನನಗೆ ತಿಂಗಳುಗಳು ಹಿಡಿದಿದ್ದವು.

ಹೊರಡುವ ಮುಂಚಿನ ದಿನ ಊಟದ ಮೇಜಿನಲ್ಲಿ ಕ್ಯಾಲಿಬರಿನ ಮಾತು ಮತ್ತೆ ಎದ್ದಿತು. ಈ ಸಲ ನಾನೂ ಕುಳಿತಿದ್ದೆ.

"ಫೋರ್ಟಿ ಫೈವ್ ಅಂತೂ ಮಾರು," ಎಂದೆ. "ಹೆದರಿಕಿ ಹುಟ್ಟಸೂ ಪಿಸ್ತೂಲು ಮನಿ ಕಾಯಂಗಿಲ್ಲ. ಕಣ್ಣು ಮುಚ್ಚಿ ಹೊಡದ ಗುಂಡು ಎಲ್ಲಿಗೆ ಹೋಗ್ತದ? ನಿಮ್ಮ ಕಡೆ ಮನಿ ಗೋಡಿ ಕಟ್ಟಗಿ, ಪ್ಲಾಸ್ಟರ್ ಹಲಗಿ. ಈ ಕೋಣಿಯಿಂದ ಆ ಕೋಣಿಗೆ, ಅಲ್ಲಿಂದ ಬಾಜೂ ಮನಿಗೆ."

"ನೈನ್ ಎಂಎಂ ಆದರೂ ಅದೇ ಹಣೇಬರಾ," ಎಂದು ಅಪ್ಪ ಒಪ್ಪಿದರು. "ಆದ್ರ ಕೈಗೆ ಹಿಡಿತ ಸಿಗ್ತದ."

"ಸಿಗ್ತದ, ಖರೆ. ಆದ್ರ ಕೈ ಕೂಡಿದ ಮ್ಯಾಲ. ಮೊದಲು ಟು ಟು. ಒದಿಯೂದಿಲ್ಲ, ಸದ್ದು ಕಡಿಮಿ, ಎಷ್ಟು ಬೇಕಷ್ಟು ಹೊಡದು ಕಲಿ. ಬಂದೂಕು ಬೀಗದ ಪೆಟ್ಟಿಗಿಯೊಳಗಿರಲಿ. ಮನಿಗೆ ಛಲೋ ಬಾಗಲಾ, ದೀಪ, ಅಲಾರಂ. ಮಲಗೂ ಕೋಣಿಗೆ ಗಟ್ಟಿ ಚಿಲಕ, ಕೈಗೆ ಹತ್ತರ ಫೋನ್. ಆಮ್ಯಾಲೂ ನೈನ್ ಎಂಎಂ ಬೇಕನಸಿದ್ರ ವರ್ಷ ಬಿಟ್ಟು ನೋಡು."

ನನ್ನ ಗಂಡ ಮಜ್ಜಿಗೆ ಬಡಿಸುತ್ತಾ ನಮ್ಮ ಮುಖಗಳನ್ನು ನೋಡುತ್ತಿದ್ದರು.

"ದೊಡ್ಡಾಕಿ ಅಂದದ್ದು ಬರೋಬ್ಬರಿ," ಎಂದರು ಅಪ್ಪ.

ಆ ಮಾತಿಗಾಗಿ ನಾನು ಇಡೀ ಬೇಸಿಗೆ ಕಾದಿದ್ದೆ. ಬಂದಾಗ ಅದು ಬರೀ ಮೂರು ಪದದ್ದಾಗಿತ್ತು. ಹೇಳಿ ಅವರು ತಂಗಿಯ ತಟ್ಟೆಯ ಕಡೆ ತಿರುಗಿ, "ಇನ್ನೊಂಚೂರು ಅನ್ನ ನೀಡಿಸ್ಕೋ, ಅಲ್ಲಿ ಯಾರು ಮಾಡಿ ಹಾಕ್ತಾರ?" ಎಂದರು.

ತಂಗಿ ಹೋದಳು. ಶರತ್ಕಾಲ ಬರುವ ಮೊದಲೇ ಅಪ್ಪನೂ ಧಾರವಾಡಕ್ಕೆ ಹೋದರು. ಅಲ್ಲಿ ಅವರ ಚಿಕ್ಕ ಫ್ಲ್ಯಾಟಿನ ಪಕ್ಕದಲ್ಲೇ ಅವರ ತಮ್ಮನ ಸಂಸಾರ, ಸಂಜೆಗೆ ಹಳೆಯ ವಿದ್ಯಾರ್ಥಿಗಳ ಗುಂಪು. ತಂಗಿ ದಪ್ಪ ಪಿಸ್ತೂಲನ್ನು ಮಾರಿ ಟು ಟು ಕೊಂಡಳು. ಚಳಿಗಾಲದಲ್ಲಿ ಮನೆಯನ್ನೂ ಮಾರಿ, ಕೆಲಸದ ಜಾಗಕ್ಕೆ ಹತ್ತಿರದ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಗೆ ಬಂದಳು. ಮೇಲೆ ಕೆಳಗೆ ಜನ, ಗೇಟಿನಲ್ಲಿ ಕಾವಲು. ನೈನ್ ಎಂಎಂ ಸುದ್ದಿಯನ್ನು ಅವಳೇ ಬಿಟ್ಟಳು. ಶನಿವಾರ ಹೆಂಗಸರ ಒಂದು ತಂಡದ ಜೊತೆ ರೇಂಜಿಗೆ ಹೋಗುತ್ತಾಳೆ. ಈಗ ನಿದ್ದೆ ಬರುತ್ತದಂತೆ. ಆದರೂ ಮಲಗುವ ಮೊದಲು ಅಪ್ಪನಿಗೆ ಫೋನು ಮಾಡುವುದನ್ನು ಬಿಟ್ಟಿಲ್ಲ. ಅಲ್ಲಿ ಅವರಿಗೆ ಬಿಸಿಲೇರಿದ ಹೊತ್ತು, ನನಗೆ ಗಾಢ ನಿದ್ದೆಯ ಹೊತ್ತು. ಅವರ ಮಾತು ಈಗ ಪೈಪಿನ ಗುಂಟವೂ ಕೇಳಿಸುವುದಿಲ್ಲ.

ನಾನು ಪ್ರತಿ ಭಾನುವಾರ ಅವಳಿಗೆ ಫೋನು ಮಾಡತೊಡಗಿದೆ. ಮೊದಮೊದಲು ಇಬ್ಬರಿಗೂ ಮಾತು ಬೇಗ ಮುಗಿಯುತ್ತಿತ್ತು. ಪ್ರಶ್ನೆ ಕೇಳದೆ ಮಾತಾಡುವುದು ನನಗೆ ಬರುತ್ತಿರಲಿಲ್ಲ, ಈಗಲೂ ಪೂರ್ತಿ ಬಂದಿಲ್ಲ. ಹವೆ ಹೇಗಿದೆ ಎಂದು ಕೇಳುವುದೂ ಪ್ರಶ್ನೆಯೇ ತಾನೆ ಎಂದು ಅವಳು ನಗುತ್ತಾಳೆ.

ಈ ವರ್ಷದ ಆರಂಭದಲ್ಲಿ, ನಾನು ಕತ್ತಲ ಕೋಣೆಯಲ್ಲಿ ಸ್ಕ್ಯಾನ್ ನೋಡುತ್ತಿದ್ದಾಗ, ಅವಳಿಂದ ಒಂದು ಚಿತ್ರ ಬಂತು. ಗುರಿಯ ಕಾಗದ. ಹತ್ತು ತೂತು, ಒಂದು ನಾಣ್ಯದಷ್ಟು ಜಾಗದಲ್ಲಿ. ನನ್ನ ರೈಫಲ್ಲಿನ ಗುರಿಗೆ ಸಮ ಅಲ್ಲ, ಆದರೆ ಪಿಸ್ತೂಲಿನಲ್ಲಿ ನಾನು ಹಾಗೆ ಹೊಡೆದದ್ದು ಕೆಲವೇ ಸಲ. ಹತ್ತೂ ನಡುವಿನಿಂದ ಸ್ವಲ್ಪ ಎಡಕ್ಕಿದ್ದವು. ಕೆಳಗೆ ಬರೆದಿದ್ದಳು: "ಅಕ್ಕಾ, ಎಲ್ಲಾ ಎಡಕ್ಕ ಯಾಕ ಹೋಗಾಕತ್ತಾವ?"

ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ತೂತು ನೋಡಿದೆ. ಬೆರಳು ಟ್ರಿಗರಿನ ಮೇಲೆ ಸರಿಯಾಗಿ ಕೂತಿಲ್ಲ, ಬರೀ ತುದಿಯಲ್ಲಿ ಒತ್ತುತ್ತಿದ್ದಾಳೆ. ಒತ್ತುವಾಗ ಮೂತಿ ಪಕ್ಕಕ್ಕೆ ಸರಿಯುತ್ತಿದೆ. ಅಷ್ಟನ್ನೂ ಬರೆದೆ. ಬೆರಳಿನ ಯಾವ ಗೆರೆ ಎಲ್ಲಿ ಬರಬೇಕು ಎಂದು ನನ್ನ ಕೈಯ ಚಿತ್ರವನ್ನೇ ತೆಗೆದು ಕಳಿಸಿದೆ. ಆಮೇಲೆ ತಡೆಯಲಾಗದೆ ಕೇಳಿದೆ:

"ಅಪ್ಪಗ ಕಳಿಸೀಯೇನು ಇದನ್ನ?"

"ನಿನ್ನಿನ ಕಳಿಸೀನಿ," ಎಂದು ಬಂತು.

ನಿನ್ನೆಯೇ. ಅವರಿಗೆ ಮೊದಲು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಮತ್ತೆ ಎತ್ತಿಕೊಂಡೆ.

"ಏನಂದ್ರು?"

ಅವಳು ಬರೆಯುತ್ತಿರುವುದು ಕಾಣುತ್ತಿತ್ತು. ನಿಂತಿತು, ಮತ್ತೆ ಶುರುವಾಯಿತು.

"ನನಗ ತಿಳೀವಲ್ದು, ಅಕ್ಕನ್ನ ಕೇಳು ಅಂದ್ರು."

ಅಪ್ಪನಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ಎಡಕ್ಕೆ ಹೋಗುವ ಗುಂಡಿನ ಕಾರಣವನ್ನು ನನಗೆ ಮೊದಲು ಹೇಳಿಕೊಟ್ಟವರೇ ಅವರು. ಅದನ್ನು ತಂಗಿಗೆ ನಾನು ಬರೆಯಲಿಲ್ಲ. ಮುಂದಿನ ಸ್ಕ್ಯಾನ್ ತೆರೆದು ಕೆಲಸಕ್ಕೆ ಕೂತೆ.